ಟಿಪ್ಪು: ಎಲ್ಲರ ಬಾಯಲ್ಲಿದೆ, ದಾಖಲೆಯಲ್ಲಿ ಹುಡುಕಬೇಕು

ಹೋದ ವರ್ಷ ಬೆಂಗಳೂರಿನಲ್ಲಿ ಬಾಡಿಗೆಗೆ ಒಂದು ಮನೆ ನೋಡಿದ್ದೆ. ಓನರ್ ಒಪ್ಪಿದ್ದರು. ಅಡ್ವಾನ್ಸ್ ಎಷ್ಟು, ನೀರಿನ ಬಿಲ್ ಯಾರು ಕಟ್ಟಬೇಕು ಅನ್ನುವುದೆಲ್ಲ ಮಾತಾಗಿತ್ತು. ರಾತ್ರಿ ಅವರಿಂದ ಫೋನ್ ಬಂತು.

‘ಸಮೀರ್ ಅಂದ್ರಲ್ಲಾ, ಟ್ರೂಕಾಲರ್‌ನಲ್ಲಿ ಟಿಪ್ಪು ಅಂತ ಬರ್ತಿದೆ?’

‘ಹೌದು ಸಾರ್, ಮನೇಲಿ ಕರೆಯೋ ಹೆಸರು.’

‘ಓ... ಸರಿ ಸರಿ. ಮನೆಯವರನ್ನ ಒಂದ್ ಮಾತು ಕೇಳಿ ಹೇಳ್ತೀನಿ.’

ಅವರು ಹೇಳಲೇ ಇಲ್ಲ. ನಾನೂ ಮತ್ತೆ ಕೇಳಲು ಹೋಗಲಿಲ್ಲ. ಸಮೀರ್ ಎಂಬ ಹೆಸರು ಹಿಂದೂಗಳಲ್ಲೂ ಇದೆ, ಮುಸ್ಲಿಮರಲ್ಲೂ ಇದೆ. ಅವರು ಯಾವುದೋ ಒಂದು ಎಂದುಕೊಂಡು ಸುಮ್ಮನಿದ್ದಿರಬೇಕು. ಟಿಪ್ಪು ಎಂದ ಕೂಡಲೇ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಅವತ್ತಿನಿಂದ ನನಗೊಂದು ಪ್ರಶ್ನೆ ಹತ್ತಿಕೊಂಡಿದೆ. ನನ್ನಂಥವರು ಎಷ್ಟು ಜನ ಇದ್ದೇವೆ? ಚುನಾವಣೆ ಬಂದರೆ ಸಾಕು, ಕರ್ನಾಟಕದಲ್ಲಿ ದಿನಕ್ಕೆ ಸಾವಿರ ಸಲ ಕೇಳುವ ಈ ಹೆಸರನ್ನು ನಿಜವಾಗಿ ಹೊತ್ತು ತಿರುಗುವವರು ಯಾರು?

ಎಣಿಸುವುದಕ್ಕೆ ದಾರಿಯೇ ಇಲ್ಲ ಎಂಬುದು ಮೊದಲು ಗೊತ್ತಾದ ಸಂಗತಿ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಈಚೆಗೆ ಯಾವ ವರ್ಷ ಎಷ್ಟು ಮಕ್ಕಳಿಗೆ ಯಾವ ಹೆಸರಿಟ್ಟರು ಎಂಬುದನ್ನು ಪ್ರಕಟಿಸುತ್ತದೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಮಾತ್ರ ಖಾಸಗಿತನದ ಕಾರಣಕ್ಕೆ ಬಿಟ್ಟುಬಿಡುತ್ತದೆ. ನಮ್ಮಲ್ಲಿ 1969ರ ಜನನ ಮರಣ ನೋಂದಣಿ ಕಾಯ್ದೆ ಇದೆ, ಆದರೆ ಇಂಥ ಪಟ್ಟಿ ಹೊರಬರುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ: ಹೆಸರಿಲ್ಲದೆಯೇ ಜನನ ನೋಂದಣಿ ಮಾಡಿಸಬಹುದು. ಹನ್ನೆರಡು ತಿಂಗಳೊಳಗಾದರೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೂ ಹೆಸರು ಸೇರಿಸಬಹುದು. ಹಾಗಾಗಿ ಎಷ್ಟೋ ಜನರ ‘ಅಸಲಿ ಹೆಸರು’ ತೀರ್ಮಾನವಾಗಿದ್ದು ಶಾಲೆಗೆ ಸೇರಿಸುವ ದಿನ, ಹೆಡ್‌ಮಾಸ್ಟರ್ ಮೇಜಿನ ಮುಂದೆ.

ಮತದಾರರ ಪಟ್ಟಿ ಒಂದು ಉಳಿದಿತ್ತು. ಮೈಸೂರಿನ ಮಂಡಿಮೊಹಲ್ಲಾದಲ್ಲಿರುವ ನಮ್ಮ ಮತಗಟ್ಟೆಯ ಪಟ್ಟಿಯನ್ನು ಕೂತು ಕಣ್ಣಾರೆ ಓದಿದೆ. ಒಬ್ಬನೂ ಟಿಪ್ಪು ಇಲ್ಲ. ನಾನೂ ಇಲ್ಲ, ಅಲ್ಲಿರುವುದು ಸಮೀರ್. ಆದರೆ ನಮ್ಮ ಬೀದಿಯಲ್ಲೇ ಟಿಪ್ಪು ಅಂತ ಕೂಗಿದರೆ ನಾನಲ್ಲದೆ ಇನ್ನೊಬ್ಬರೂ ತಿರುಗಿ ನೋಡುತ್ತಾರೆ, ಅದೂ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಈ ಹೆಸರು ಹೆಚ್ಚಾಗಿ ಬದುಕಿರುವುದು ಹೀಗೆ, ಮನೆಯ ಒಳಗೆ ಮತ್ತು ಬೀದಿಯ ತುದಿಯವರೆಗೆ.

ಏಕೆ ಹೀಗೆ? ರಾಜಕೀಯದಿಂದ ಅಂತ ಥಟ್ಟನೆ ಹೇಳಿಬಿಡಬಹುದು. ಆದರೆ ಈ ಹೆಸರು ರಾಜಕೀಯಕ್ಕಿಂತ ಮೊದಲೇ ಅಪರೂಪವಾಗಿತ್ತು. ಮುಸ್ಲಿಮರಲ್ಲಿ ಮಗುವಿಗೆ ಹೆಸರಿಡುವಾಗ ಹಿರಿಯರು ಮೊದಲು ಕೇಳುವುದು ‘ಅರ್ಥ ಏನು?’ ಅಂತ. ಅಬ್ದುಲ್ಲಾ ಎಂದರೆ ಅಲ್ಲಾಹನ ದಾಸ, ಕರೀಮ್ ಎಂದರೆ ಉದಾರಿ. ಟಿಪ್ಪು ಎಂದರೆ? ಅರಬ್ಬಿಯಲ್ಲಿ ಅದಕ್ಕೆ ಹೇಳಿಕೊಳ್ಳುವ ಅರ್ಥವಿಲ್ಲ. ಆರ್ಕಾಟಿನಲ್ಲಿ ದರ್ಗಾ ಇರುವ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸೂಫಿ ಸಂತನ ಹೆಸರು ಅದು. ಹೈದರ್ ಅಲಿಯ ಪತ್ನಿ ಅಲ್ಲಿ ಹರಕೆ ಹೊತ್ತ ಮೇಲೆ 1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಮಗನಿಗೆ ಆ ಹೆಸರಿಟ್ಟರು. ಅಜ್ಜ ಫತೇ ಮುಹಮ್ಮದನ ನೆನಪಿಗೆ ಫತೇ ಅಲಿ ಎಂಬ ಹೆಸರೂ ಆ ಮಗುವಿಗಿತ್ತು. ಅಂದರೆ ನಮ್ಮೂರಲ್ಲಿ ಹರಕೆಯ ಮಗುವಿಗೆ ದೇವರ ಹೆಸರಿಡುತ್ತಾರಲ್ಲ, ಅದೇ ಲೆಕ್ಕ.

ಇಂಗ್ಲಿಷಿನ ಕೆಲವು ಹಳೇ ಪುಸ್ತಕಗಳು ‘ಟಿಪ್ಪು ಎಂದರೆ ಕನ್ನಡದಲ್ಲಿ ಹುಲಿ’ ಎಂದು ಬರೆದಿವೆ. ಈಗಲೂ ಅಲ್ಲಲ್ಲಿ ಆ ಮಾತು ಓಡಾಡುತ್ತದೆ. ಹುಲಿಗೆ ಕನ್ನಡದಲ್ಲಿ ಹುಲಿ ಅಂತಾರೆ ಎಂದು ಆ ಮಹಾಶಯರಿಗೆ ಯಾರೂ ಹೇಳಲಿಲ್ಲವೇನೋ! ಚಳ್ಳಕೆರೆ ಕಡೆಯ ನನ್ನ ಗೆಳೆಯನೊಬ್ಬ ಮಾತ್ರ ಬೇರೆಯದೇ ವಾದ ಹೂಡುತ್ತಾನೆ. ‘ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೆಸರೇ ನಿಂದು, ತಿಪ್ಪಜ್ಜನ ಮಗ ನೀನು’ ಅಂತ ನನ್ನನ್ನು ತಿಪ್ಪಣ್ಣ ಎಂದೇ ಕರೆಯುತ್ತಾನೆ. ಇತಿಹಾಸ ಆರ್ಕಾಟಿನ ಕಡೆಗೇ ಬೆರಳು ತೋರಿಸುತ್ತದೆ, ಆದರೂ ತಿಪ್ಪಣ್ಣ ಅನ್ನಿಸಿಕೊಳ್ಳೋಕೆ ನನಗೇನೂ ಬೇಜಾರಿಲ್ಲ.

ಟಿಪ್ಪು ಸುಲ್ತಾನ್ ಕೂಡ ತನ್ನ ಗಂಡುಮಕ್ಕಳಿಗೆ ಇಟ್ಟಿದ್ದು ಬೇರೆ ಹೆಸರುಗಳು. 1792ರ ಒಪ್ಪಂದದಲ್ಲಿ ಕಾರ್ನ್‌ವಾಲಿಸ್ ಒತ್ತೆಯಾಗಿ ಕರೆದೊಯ್ದ ಹುಡುಗರು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. 1806ರ ವೆಲ್ಲೂರು ದಂಗೆಯ ನಂತರ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಅಲ್ಲಿ ಮಸೀದಿ ಕಟ್ಟಿಸಿದ ಮಗ ಗುಲಾಮ್ ಮುಹಮ್ಮದ್.

ಕರ್ನಾಟಕದ ಹೊರಗೆ ಈ ಹೆಸರಿಗೆ ಇಷ್ಟು ಭಾರವಿಲ್ಲ. ಬಾಂಗ್ಲಾದೇಶದಲ್ಲಿ ಟಿಪು ಮುನ್ಷಿ ಎಂಬುವರು 2019ರಿಂದ 2024ರವರೆಗೆ ವಾಣಿಜ್ಯ ಸಚಿವರಾಗಿದ್ದರು. ಬಂಗಾಳಿಗಳಿಗೆ ಮನೆಗೊಂದು ಹೆಸರು, ಊರಿಗೊಂದು ಹೆಸರು ಇಡುವ ರೂಢಿಯಿದೆ. ಟಿಪುವಿನಂಥ ಎರಡಕ್ಷರದ ಹೆಸರು ಅಲ್ಲಿ ಸಲೀಸಾಗಿ ಹೊಂದಿಕೊಳ್ಳುತ್ತದೆ. 1820ರ ದಶಕದಲ್ಲಿ ಮೈಮನ್‌ಸಿಂಗ್ ಕಡೆ ಜಮೀನ್ದಾರರ ವಿರುದ್ಧ ರೈತರನ್ನು ಎಬ್ಬಿಸಿದ ಪಾಗಲ್‌ಪಂಥಿ ನಾಯಕನ ಹೆಸರೂ ಟಿಪು ಶಾ. ಇನ್ನು ತಮಿಳಿನ ಹಿನ್ನೆಲೆ ಗಾಯಕ ಟಿಪ್ಪು ಅವರ ಹಾಡುಗಳನ್ನು ಕನ್ನಡ ಸಿನಿಮಾಗಳಲ್ಲೂ ಕೇಳಿದ್ದೀರಿ, ಅವರು ಮುಸ್ಲಿಮರಲ್ಲ. ಆಫ್ರಿಕಾದ ಜಾಂಜಿಬಾರಿನಲ್ಲಿ ಟಿಪ್ಪು ಟಿಪ್ ಎಂಬ ಗುಲಾಮರ ವ್ಯಾಪಾರಿ ಇದ್ದ. ಅವನಿಗೂ ಮೈಸೂರಿಗೂ ಸಂಬಂಧವಿಲ್ಲ. ಅವನ ಬಂದೂಕಿನ ಸದ್ದಿನಿಂದ ಆ ಅಡ್ಡಹೆಸರು ಬಂತು ಎನ್ನುತ್ತಾರೆ. ವಾಟ್ಸಾಪ್‌ನಲ್ಲಿ ಯಾರಾದರೂ ಇಬ್ಬರನ್ನೂ ಒಬ್ಬನೇ ಅಂತ ಮಾಡುವ ಮುಂಚೆ ಹೇಳಿಬಿಡೋಣ ಅಂತ ಬರೆದೆ.

ಹಾಗಾದರೆ ನನಗೆ ಈ ಹೆಸರು ಹೇಗೆ ಬಂತು? ದೂರದರ್ಶನದಿಂದ. ಭಗವಾನ್ ಗಿದ್ವಾನಿ 1976ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ಸಂಜಯ್ ಖಾನ್ ತೆಗೆದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ 1990ರಲ್ಲಿ ಶುರುವಾಯಿತು. ನಾನು ಹುಟ್ಟಿದ್ದೂ ಅದೇ ವರ್ಷ. ಆ ಧಾರಾವಾಹಿಯ ಶೂಟಿಂಗ್ ನಡೆಯುತ್ತಿದ್ದ ನಮ್ಮೂರಿನ ಪ್ರೀಮಿಯರ್ ಸ್ಟುಡಿಯೋಗೆ 1989ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು 62 ಜನ ಸತ್ತಿದ್ದರು. ಮೈಸೂರಿನವರಿಗೆ ಆ ಧಾರಾವಾಹಿ ಬರೀ ಟಿವಿಯಲ್ಲಿ ನೋಡುವ ಕಥೆಯಾಗಿರಲಿಲ್ಲ. ‘ಇದು ಕಾಲ್ಪನಿಕ’ ಅನ್ನುವ ಸೂಚನೆಯನ್ನು ತೋರಿಸಿಯೇ ಪ್ರಸಾರ ಮಾಡಬೇಕಾಗಿ ಬಂದಿದ್ದರಿಂದ ಜಗಳ ಆಗಲೇ ಇತ್ತು ಅನ್ನುವುದೂ ಗೊತ್ತಾಗುತ್ತದೆ. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಎದುರುಮನೆ ಲಕ್ಷ್ಮಮ್ಮನವರ ಮನೆಯಲ್ಲಿ. ಅಮ್ಮಿ ನನ್ನನ್ನು ಎತ್ತಿಕೊಂಡು ಅಲ್ಲಿಗೇ ಹೋಗುತ್ತಿದ್ದರಂತೆ. ‘ಟಿಪ್ಪು ಬಂದ ನೋಡ್ರೇ’ ಎಂದು ನನಗೆ ಆ ಹೆಸರು ಹಚ್ಚಿದವರು ಲಕ್ಷ್ಮಮ್ಮನವರೇ.

ನಾನು ಅದನ್ನು ಯಾವುದೇ ರಾಜನ ಪರ ನಿಲುವು ಅಂದುಕೊಂಡು ಬೆಳೆಯಲಿಲ್ಲ. ನಿಲುವು ಅದಾಗಿದ್ದು ಡಿಗ್ರಿ ಓದುವಾಗ. ಹಾಸ್ಟೆಲಿನಲ್ಲಿ ಕೊಡಗಿನ ಹುಡುಗನೊಬ್ಬ ಪಕ್ಕದ ಹಾಸಿಗೆಯವನು. ಒಂದಿನ ನಗುತ್ತಲೇ ಹೇಳಿದ, ‘ನಮ್ಮನೆ ನಾಯಿ ಹೆಸರೂ ಟಿಪ್ಪುನೇ ಕಣೋ.’ ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಕೊಡಗಿನಲ್ಲಿ ಈ ರೂಢಿ ಇರುವುದು ಆಮೇಲೆ ಬೇರೆಯವರಿಂದಲೂ ಕೇಳಿದೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, ಮತಾಂತರ ಮಾಡಿದ್ದು ಅವರ ನೆನಪಿನಲ್ಲಿದೆ. 1784ರಲ್ಲಿ ಸೆರೆಯಾದ ಮಂಗಳೂರಿನ ಕ್ಯಾಥೊಲಿಕರ ನೆನಪಿನಲ್ಲೂ ಇದೆ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ದೀಪಾವಳಿ ಮಾಡುವುದಿಲ್ಲ. ಇದೇ ದೊರೆ, ಮರಾಠರ ಕಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠಕ್ಕೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳಿಸಿದ. ಆ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಸಿಕ್ಕವು. ಎರಡೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲಿಕ್ಕಾಗುವುದಿಲ್ಲ. ನನ್ನ ತಕರಾರು ಇಷ್ಟೇ: ಈ ಲೆಕ್ಕ ಚುಕ್ತಾ ಮಾಡುವ ಹೊಣೆ 1990ರಲ್ಲಿ ಲಕ್ಷ್ಮಮ್ಮನವರ ಮನೆಯ ಟಿವಿ ಮುಂದೆ ಹೆಸರು ಪಡೆದವನ ಮೇಲೆ ಹೇಗೆ ಬಂತು?

2015ರಿಂದ ಈಚೆಗಿನದು ನಿಮಗೇ ಗೊತ್ತು. ಸರ್ಕಾರ ನವೆಂಬರ್ 10ರಂದು ಟಿಪ್ಪು ಜಯಂತಿ ಶುರುಮಾಡಿತು. ಮೊದಲ ವರ್ಷವೇ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಗಳು ಹೋದವು. 2019ರ ಜುಲೈನಲ್ಲಿ ಹೊಸ ಸರ್ಕಾರ ಬಂದು ಜಯಂತಿಯನ್ನು ರದ್ದುಮಾಡಿತು. 1980ರಿಂದ ಓಡುತ್ತಿದ್ದ ಟಿಪ್ಪು ಎಕ್ಸ್‌ಪ್ರೆಸ್ 2022ರ ಅಕ್ಟೋಬರಿನಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ರೈಲಿಗೆ ಒಂದು ಆದೇಶದಲ್ಲಿ ಹೊಸ ಹೆಸರು ಸಿಕ್ಕಿತು, ಮನುಷ್ಯರಿಗೆ ಅಷ್ಟು ಸುಲಭವಲ್ಲ. ಜಯಂತಿ ಮಾಡಿದವರೂ ರದ್ದು ಮಾಡಿದವರೂ ನಮ್ಮಂಥವರನ್ನು ಕೇಳಿ ಮಾಡಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ ಬಿಡಿ. ಆದರೆ ಪ್ರತಿ ನವೆಂಬರಿನಲ್ಲೂ ಆಫೀಸಿನಲ್ಲಿ ‘ಏನಪ್ಪಾ ನಿನ್ ಹ್ಯಾಪಿ ಬರ್ತ್‌ಡೇ ಕ್ಯಾನ್ಸಲ್ ಆಯ್ತಂತೆ?’ ಅನ್ನುವ ಜೋಕು ಕೇಳಿಸಿಕೊಂಡವನು ನಾನು.

ಇದು ಟಿಪ್ಪು ಒಬ್ಬನ ಕತೆಯಲ್ಲ. 2016ರ ಡಿಸೆಂಬರಿನಲ್ಲಿ ಕರೀನಾ ಕಪೂರ್ ಮತ್ತು ಸೈಫ್ ಅಲಿ ಖಾನ್ ಮಗನಿಗೆ ತೈಮೂರ್ ಎಂದು ಹೆಸರಿಟ್ಟಾಗ ಎಷ್ಟು ಗದ್ದಲವಾಯಿತು! ಹುಟ್ಟಿ ಒಂದು ದಿನವೂ ಆಗಿರದ ಕೂಸಿಗೆ ಜನ ಶಾಪ ಹಾಕಿದರು. ಔರಂಗಜೇಬ್ ಎಂಬ ಹೆಸರು ಇವತ್ತು ಬೈಗುಳದಂತೆ ಬಳಕೆಯಾಗುತ್ತದೆ. 2018ರ ಜೂನ್‌ನಲ್ಲಿ ಈದ್ ಹಬ್ಬಕ್ಕೆ ಮನೆಗೆ ಹೊರಟಿದ್ದಾಗ ಉಗ್ರರು ಅಪಹರಿಸಿ ಕೊಂದ ಸೇನೆಯ ರೈಫಲ್‌ಮ್ಯಾನ್ ಹೆಸರೂ ಔರಂಗಜೇಬ್. ಅವರಿಗೆ ಶೌರ್ಯ ಚಕ್ರ ಬಂತು. ಅವರ ಹೆಸರನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ಹೆಸರಿನ ಬೆಲೆ ಎಷ್ಟು ಎಂಬುದನ್ನು ಒಂದು ಅಧ್ಯಯನ ಅಳೆದು ತೋರಿಸಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ್ದು. ಓದು, ಅರ್ಹತೆ ಒಂದೇ ಥರ ಇರುವ ಅರ್ಜಿಗಳನ್ನು ಸವರ್ಣ ಹಿಂದೂ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದರು. ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸವರ್ಣ ಹೆಸರಿನ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಅಲ್ಲಿದ್ದದ್ದು ಸಾಮಾನ್ಯ ಹೆಸರುಗಳು. ಅಪ್ಪ ಅಮ್ಮಂದಿರು ಈ ಅಧ್ಯಯನ ಓದಿರುವುದಿಲ್ಲ, ಆದರೆ ಅದರ ಫಲಿತಾಂಶ ಅವರಿಗೆ ಬಾಯಿಪಾಠ. ಶಾಲೆಯ ರಿಜಿಸ್ಟರಿನಲ್ಲಿ ನನ್ನನ್ನು ಸಮೀರ್ ಎಂದು ಬರೆಸಿದ ಅಬ್ಬಾ ಏಳನೇ ಕ್ಲಾಸು ಓದಿದ ಗ್ಯಾರೇಜ್ ಮೆಕ್ಯಾನಿಕ್.

ಈ ಮಾರ್ಚ್‌ನಲ್ಲಿ ಆಪಾಗೆ ಗಂಡುಮಗು ಆಯಿತು. 2023ರ ತಿದ್ದುಪಡಿಯ ನಂತರ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ, ಹಾಗಾಗಿ ಹೆಸರಿನ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಟಿಪ್ಪು ಅಂತಲೇ ಬರೆಸು ಅಂದೆ, ಅರ್ಧ ತಮಾಷೆಗೆ, ಅರ್ಧ ಹಟಕ್ಕೆ. ಆಪಾ ನನ್ನ ಮುಖ ನೋಡಿ ಕೇಳಿದಳು, ‘ನಿನಗೆ ಮನೆ ಸಿಕ್ತಾ?’

ಫಾರಂನಲ್ಲಿ ರಯಾನ್ ಎಂದು ಬರೆದು ಕೊಟ್ಟು ಬಂದೆವು. ಅಮ್ಮಿ ಮಾತ್ರ ಮಗುವನ್ನು ಸ್ನಾನ ಮಾಡಿಸುವಾಗಲೂ ಮಲಗಿಸುವಾಗಲೂ ಛೋಟಾ ಟಿಪ್ಪು ಅಂತಲೇ ಕರೆಯುತ್ತಾರೆ. ಅವನು ಅದಕ್ಕೇ ತಿರುಗುತ್ತಾನೆ.