ಟ್ರೈಗ್ಲಿಸರೈಡ್ ಮಾತ್ರೆ ಕಿಡ್ನಿ ಹಾಳು ಮಾಡುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

“ಕೊಬ್ಬಿನ ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತದೆ, ಇವತ್ತೇ ನಿಲ್ಲಿಸಿ” ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ಒಂದು ಎಳೆಯಷ್ಟು ನಿಜ ಇದೆ. ಜನ ನಂಬುವುದೂ ಅದಕ್ಕೇ.

ಮೊದಲು ಟ್ರೈಗ್ಲಿಸರೈಡ್ ಎಂದರೇನು ನೋಡೋಣ. ಕುದಾಪುರದ ಸುತ್ತಮುತ್ತ ಬೆಳೆಯುವ ಶೇಂಗಾ, ಚಳ್ಳಕೆರೆಯ ಗಾಣಗಳಲ್ಲಿ ಎಣ್ಣೆಯಾಗುತ್ತದಲ್ಲ, ಆ ಎಣ್ಣೆ ಹೆಚ್ಚುಕಡಿಮೆ ಪೂರ್ತಿ ಟ್ರೈಗ್ಲಿಸರೈಡೇ. ಹಾಗೆಂದು ಎಣ್ಣೆ ಬಿಟ್ಟರೆ ಸಾಕು ಎಂದುಕೊಳ್ಳಬೇಡಿ. ಸಕ್ಕರೆ, ತಟ್ಟೆ ತುಂಬ ಅನ್ನ, ಮದ್ಯ ಇವುಗಳಿಂದಲೂ ಯಕೃತ್ತು ಈ ಕೊಬ್ಬನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆಯೂ ಕಾರಣವಾಗಬಹುದು. ಬರಿಹೊಟ್ಟೆಯ ಪರೀಕ್ಷೆಯಲ್ಲಿ 150ಕ್ಕಿಂತ ಕಡಿಮೆ ಇದ್ದರೆ ಸರಿ.

ಇದಕ್ಕೆ ವೈದ್ಯರು ಹೆಚ್ಚಾಗಿ ಬರೆಯುವ ಮಾತ್ರೆಗಳಲ್ಲಿ ಒಂದು ಫೆನೋಫೈಬ್ರೇಟ್. ಇದನ್ನು ಶುರು ಮಾಡಿದವರಲ್ಲಿ ರಕ್ತದ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ರಿಪೋರ್ಟ್ ನೋಡಿದವರಿಗೆ ಗಾಬರಿಯಾಗುವುದು ಸಹಜ. ಆದರೆ 9,795 ಮಧುಮೇಹಿಗಳು ಪಾಲ್ಗೊಂಡ ‘ಫೀಲ್ಡ್’ ಅಧ್ಯಯನದಲ್ಲಿ, ಮಾತ್ರೆ ನಿಲ್ಲಿಸಿದ ಕೆಲವು ವಾರಗಳ ಬಳಿಕ ಪರೀಕ್ಷಿಸಿದಾಗ ಆ ಏರಿಕೆ ಇಳಿದುಹೋಗಿತ್ತು. ಕಿಡ್ನಿ ಮೊದಲೇ ತೀವ್ರವಾಗಿ ಕೆಟ್ಟಿರುವವರಿಗೆ ಮಾತ್ರ ಈ ಔಷಧ ಕೊಡುವುದಿಲ್ಲ.

ಹಾಗಾದರೆ ನಿಲ್ಲಿಸಿದರೆ ಏನಾಗುತ್ತದೆ? ಫಾರ್ವರ್ಡ್‌ಗಳು ಹೇಳದ ಮಾತು ಇದು. ಟ್ರೈಗ್ಲಿಸರೈಡ್ 500 ದಾಟಿದರೆ, ಅದರಲ್ಲೂ 1,000 ಮೀರಿದರೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಮೇಲ್ಹೊಟ್ಟೆಯ ತೀವ್ರ ನೋವು ಬೆನ್ನಿಗೂ ಹರಡುತ್ತದೆ, ವಾಂತಿಯಾಗುತ್ತದೆ, ಜೀವಕ್ಕೇ ಕುತ್ತು ಬರಬಹುದು. ಅಂಥವರಿಗೆ ಈ ಮಾತ್ರೆ ಬರೆಯುವುದು ಮುಖ್ಯವಾಗಿ ಇದನ್ನು ತಪ್ಪಿಸಲು. ಅವರು ಸಂದೇಶ ನಂಬಿ ಮಾತ್ರೆ ಬಿಟ್ಟರೆ ಕೊಬ್ಬು ಮತ್ತೆ ಏರುತ್ತದೆ.

ಇನ್ನೊಂದು ಕಡೆಯ ಉತ್ಪ್ರೇಕ್ಷೆಯೂ ಬೇಡ. “ಇದನ್ನು ನುಂಗಿದರೆ ಹಾರ್ಟ್ ಅಟ್ಯಾಕ್ ಆಗುವುದೇ ಇಲ್ಲ” ಎನ್ನುವುದು ಸುಳ್ಳು. ಇದೇ ಜಾತಿಯ ಪೆಮಾಫೈಬ್ರೇಟ್ ಮೇಲೆ 10,000ಕ್ಕೂ ಹೆಚ್ಚು ಮಧುಮೇಹಿಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಟ್ರೈಗ್ಲಿಸರೈಡ್ ಸುಮಾರು ಕಾಲು ಭಾಗ ಇಳಿದರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಹೃದಯದ ರಕ್ಷಣೆಗೆ ಈಗಲೂ ಮೊದಲ ಔಷಧ ಸ್ಟ್ಯಾಟಿನ್. (ಮಧುಮೇಹಿಗಳ ಕಣ್ಣಿನ ಪರದೆಯ ಹಾನಿಯನ್ನು ಫೆನೋಫೈಬ್ರೇಟ್ ನಿಧಾನಗೊಳಿಸುತ್ತದೆ ಎಂಬುದು ಮಾತ್ರ ಅನಿರೀಕ್ಷಿತ ಲಾಭ.)

ನಿಜವಾದ ಅಡ್ಡಪರಿಣಾಮಗಳೂ ಇವೆ. ಹೊಟ್ಟೆನೋವು, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು, ಕೆಲವರಲ್ಲಿ ಪಿತ್ತಕೋಶದ ಕಲ್ಲು. ನಾವು ಹೆಚ್ಚು ಒತ್ತಿ ಹೇಳುವುದು ಸ್ನಾಯುಗಳ ಬಗ್ಗೆ. ಕಾರಣವಿಲ್ಲದೆ ತೊಡೆ, ಭುಜ ನೋಯುತ್ತಿದ್ದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ಟ್ಯಾಟಿನ್ ಜೊತೆಗಿದ್ದಾಗ ಈ ಅಪಾಯ ಹೆಚ್ಚು, ಅದರಲ್ಲೂ ಜೆಮ್‌ಫೈಬ್ರೋಜಿಲ್ ಎಂಬ ಮಾತ್ರೆ ಸೇರಿದರೆ. ಆದ್ದರಿಂದ ಎರಡೂ ಸ್ಟ್ರಿಪ್‌ಗಳ ಹಿಂದಿನ ಹೆಸರು ಓದಿ, ವೈದ್ಯರಿಗೆ ತೋರಿಸಿ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುತ್ತಿದ್ದರೆ ಅದನ್ನೂ ಮರೆಯದೆ ಹೇಳಿ.