ಡೀಸೆಲ್ ಲಾರಿಯ ಹೀಟರೂ ಅದರ ಸೋರಿಕೆಯೂ

ವಾರ್ಷಿಕ ಸಂಚಿಕೆಗೆ ಲೇಖನವೆಂದರೆ ನಮ್ಮ ತರಗತಿಯವರು ಹೊಯ್ಸಳ ಶಿಲ್ಪವನ್ನೋ ವಚನ ಸಾಹಿತ್ಯವನ್ನೋ ಆರಿಸಿಕೊಳ್ಳುವುದು ವಾಡಿಕೆ. ಅವು ದೊಡ್ಡ ವಿಷಯಗಳು, ಬಲ್ಲವರು ಬರೆಯಲಿ. ಇತಿಹಾಸ ಮತ್ತು ಅರ್ಥಶಾಸ್ತ್ರ ಓದುವ ನಾನು ಡೀಸೆಲ್ ಲಾರಿಯ ಇಂಧನ ಶೋಧಕದಲ್ಲಿ ಅಡಗಿರುವ ಒಂದು ಚಿಕ್ಕ ಹೀಟರಿನ ವಿಷಯ ಹೇಳಹೊರಟಿದ್ದೇನೆ. ಕಾರಣವಿಷ್ಟೆ: ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ, ಆ ಮೆಟ್ಟಿಲಿನ ಖರ್ಚನ್ನು ಇದುವರೆಗೆ ಹೊತ್ತು ತಂದಿರುವುದು ನಮ್ಮ ತಂದೆಯವರ ಲಾರಿ. ಸಾಲದ ಕಂತು ತೀರದ ಲಾರಿ ಒಂದು ದಿನ ನಿಂತಿತೆಂದರೆ ಆ ದಿನದ ಬಾಡಿಗೆ ಹೋಯಿತು. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಲಾರಿ ನಿಲ್ಲುವುದಾದರೂ ಅನೇಕ ವೇಳೆ ದೊಡ್ಡ ಕಾರಣದಿಂದಲ್ಲ, ಬೆರಳಿಗೆ ಹಾಕಬಹುದಾದ ಒಂದು ರಬ್ಬರ್ ಉಂಗುರದಿಂದ.

ಡೀಸೆಲ್ಲನ್ನು ಬಿಸಿಮಾಡುವುದೇಕೆ ಎಂದು ನಮ್ಮ ಬಯಲುಸೀಮೆಯವರು ಕೇಳುವುದು ಸಹಜ. ಇಲ್ಲಿ ಚೈತ್ರ ವೈಶಾಖದಲ್ಲಿ ಟ್ಯಾಂಕನ್ನು ಮುಟ್ಟಲಾಗದಷ್ಟು ಬಿಸಿಲು. ಆದರೆ ಮಾಗಿಯ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳದವರು ಯಾರು? ಡೀಸೆಲ್ಲಿನ ಸ್ವಭಾವವೂ ಹೆಚ್ಚುಕಡಿಮೆ ಅದೇ. ಅದರಲ್ಲಿ ಪ್ಯಾರಫಿನ್ ಎಂಬ ಮೇಣದ ಅಂಶ ಕರಗಿರುತ್ತದೆ. ಎಂಜಿನ್ ಚೆನ್ನಾಗಿ ಉರಿಯುವುದಕ್ಕೆ ಅದು ಒಳ್ಳೆಯದೇ. ಚಳಿ ಬಿದ್ದಾಗ ಮಾತ್ರ ಅದೇ ಅಂಶ ಸಣ್ಣ ಹರಳುಗಳಾಗಿ ಬೇರ್ಪಡುತ್ತದೆ. ಎಣ್ಣೆ ಮೊದಲು ಮಂಜು ಕವಿದಂತೆ ಮಸುಕಾಗುತ್ತದೆ, ಆಮೇಲೆ ಗಂಜಿಯಾಗುತ್ತದೆ. ಎಣ್ಣೆ ಪೂರ್ತಿ ಹೆಪ್ಪುಗಟ್ಟುವುದಕ್ಕೆ ಬಹಳ ಮುಂಚೆಯೇ ಲಾರಿ ನಿಲ್ಲುತ್ತದೆ. ಏಕೆಂದರೆ ಈ ಹರಳುಗಳು ಶೋಧಕದ ಕಾಗದಕ್ಕೆ ಮೆತ್ತಿಕೊಳ್ಳುತ್ತವೆ. ಇಂದಿನ ಶೋಧಕಗಳು ೫ ಮೈಕ್ರಾನ್ ಮತ್ತು ಅದಕ್ಕಿಂತಲೂ ಸಣ್ಣ ಕಣಗಳನ್ನು ತಡೆಯುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲೊಂದು ಸುಮಾರು ೭೦ ಮೈಕ್ರಾನ್ ದಪ್ಪವಿರುವಾಗ ಈ ಜರಡಿ ಎಷ್ಟು ಸೂಕ್ಷ್ಮವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ನಮ್ಮ ದೇಶದ ಡೀಸೆಲ್ಲಿಗೆ ಭಾರತೀಯ ಮಾನಕ ೧೪೬೦ ಎಂಬ ನಿಯಮವಿದೆ. ಅದರಂತೆ ಶೋಧಕ ಕಟ್ಟಿಕೊಳ್ಳುವ ಉಷ್ಣತೆಯು ಚಳಿಗಾಲದ ಎಣ್ಣೆಯಲ್ಲಿ ೬ ಡಿಗ್ರಿ ಸೆಲ್ಸಿಯಸ್ಸನ್ನೂ ಬೇಸಿಗೆಯ ಎಣ್ಣೆಯಲ್ಲಿ ೧೮ ಡಿಗ್ರಿಯನ್ನೂ ಮೀರಬಾರದು. ದಕ್ಷಿಣದಲ್ಲಿ ಟ್ಯಾಂಕು ತುಂಬಿಸಿ ನಿಶ್ಚಿಂತೆಯಿಂದ ಓಡುವವನಿಗೆ ಇವು ಬರಿಯ ಅಂಕಿಗಳು. ಸೇಬು ತುಂಬಿಕೊಂಡು ಬರಲೆಂದು ೪೪ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಬನಿಹಾಲ ದಾಟಿ ಶ್ರೀನಗರದ ಕಡೆಗೆ ಇಳಿಯುವವನಿಗೆ ಇವುಗಳ ಅರ್ಥ ಒಂದೇ ರಾತ್ರಿಯಲ್ಲಿ ತಿಳಿಯುತ್ತದೆ. ಲಡಾಖಿನ ಕಡೆ ಓಡಾಡಿದ ಚಾಲಕರು ಟ್ಯಾಂಕಿನ ಕೆಳಗೆ ಬೆಂಕಿಯಿಟ್ಟು ಎಣ್ಣೆ ಕರಗಿಸಿಕೊಂಡ ಕಥೆಗಳನ್ನು ಹೇಳುತ್ತಾರೆ. ಆ ಸೀಮೆಗಾಗಿಯೇ ೨೦೧೯ನೆಯ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯವರು ಮೈನಸ್ ೩೩ ಡಿಗ್ರಿಯವರೆಗೂ ಹರಿಯುವ ಡೀಸೆಲ್ಲನ್ನು ಹೊರತಂದರು; ಅದನ್ನು ತಯಾರಿಸಿದ್ದು ಪಾಣಿಪತ್ತಿನ ಶುದ್ಧೀಕರಣಾಗಾರದಲ್ಲಿ. ಇತಿಹಾಸದ ವಿದ್ಯಾರ್ಥಿಗೆ ಪಾಣಿಪತ್ತಿನ ಬಗ್ಗೆ ಯುದ್ಧಗಳನ್ನು ಬಿಟ್ಟು ಬೇರೊಂದು ಸಂಗತಿಯೂ ಗೊತ್ತಿರಲಿ ಎಂದು ಇದನ್ನು ಸೇರಿಸಿದ್ದೇನೆ.

ಎಲ್ಲ ಲಾರಿಗಳಲ್ಲಿಯೂ ಹೀಟರ್ ಇರುವುದಿಲ್ಲ. ಇರುವ ಕಡೆ ಅದು ಶೋಧಕದ ತಲೆಯಲ್ಲಿಯೋ ಬಟ್ಟಲಿನಲ್ಲಿಯೋ ಕುಳಿತಿರುತ್ತದೆ. ಅದರ ಒಂದು ತುದಿ ಒಳಗೆ ಎಣ್ಣೆಯಲ್ಲಿ ಮುಳುಗಿರುತ್ತದೆ; ಇನ್ನೊಂದು ತುದಿ ಹೊರಗೆ ಚಾಚಿಕೊಂಡು ವಿದ್ಯುತ್ ತಂತಿಯನ್ನು ಹಿಡಿದುಕೊಂಡಿರುತ್ತದೆ. ಉಷ್ಣತೆ ಕೆಲವೇ ಡಿಗ್ರಿಗೆ ಇಳಿದಾಗ ತಾನಾಗಿ ಹತ್ತಿಕೊಂಡು, ಎಣ್ಣೆ ಬೆಚ್ಚಗಾದೊಡನೆ ಆರುವಂತೆ ಅದರಲ್ಲೊಂದು ಥರ್ಮೋಸ್ಟಾಟ್ ಇರುವುದುಂಟು. ಲಾರಿಯ ವಿದ್ಯುತ್ತು ೨೪ ವೋಲ್ಟಿನದು. ಹೀಟರು ೨೦೦ ವಾಟಿನದಾದರೆ ೮ ಆಂಪಿಯರಿಗಿಂತ ತುಸು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ.

ಎಣ್ಣೆ ಒಳಗಿರಬೇಕು, ತಂತಿ ಹೊರಗಿರಬೇಕು. ಇವೆರಡರ ನಡುವಣ ಗಡಿಯನ್ನು ಕಾಯುವುದು ಓ-ರಿಂಗ್ ಎಂಬ ರಬ್ಬರ್ ಉಂಗುರ. ಈ ಕಾವಲುಗಾರ ಮುದಿಯಾದಾಗ ಸೋರಿಕೆ ಹುಟ್ಟುತ್ತದೆ. ಎಂಜಿನ್ನಿನ ಶಾಖಕ್ಕೆ ವರ್ಷಗಟ್ಟಲೆ ಸಿಕ್ಕಿ ರಬ್ಬರು ಗಟ್ಟಿಯಾಗಿ, ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ. ಇನ್ನೊಂದು ಕಾರಣ ನನಗೆ ಬಹಳ ಸ್ವಾರಸ್ಯವೆನಿಸಿತು. ಡೀಸೆಲ್ಲಿನಲ್ಲಿರುವ ಆರೊಮ್ಯಾಟಿಕ್ ಎಂಬ ಜಾತಿಯ ದ್ರವ್ಯಗಳು ನೈಟ್ರೈಲ್ ರಬ್ಬರನ್ನು ಸ್ವಲ್ಪ ಉಬ್ಬಿಸಿ ಸಂದಿಯನ್ನು ಬಿಗಿಯಾಗಿಡುತ್ತವೆ. ಗಂಧಕವನ್ನು ಕಳೆಯುವ ಶುದ್ಧೀಕರಣದಲ್ಲಿ ಈ ದ್ರವ್ಯಗಳೂ ಸ್ವಲ್ಪ ಕಡಮೆಯಾಗಬಹುದು. ಆಗ ಹಳೆಯ ಉಂಗುರ ಕುಗ್ಗುತ್ತದೆ. ಅಮೆರಿಕದಲ್ಲಿ ೨೦೦೬ರಲ್ಲಿ ಅತ್ಯಲ್ಪ ಗಂಧಕದ ಡೀಸೆಲ್ ಬಂದಾಗ ಹಳೆಯ ವಾಹನಗಳಲ್ಲಿ ಇಂಥ ಸೋರಿಕೆಗಳು ಕಾಣಿಸಿಕೊಂಡವು. ನಮ್ಮಲ್ಲಿ ೨೦೨೦ನೆಯ ಏಪ್ರಿಲ್ ೧ರಿಂದ ದೇಶಾದ್ಯಂತ ಗಂಧಕದ ಮಿತಿ ಹತ್ತು ಲಕ್ಷಕ್ಕೆ ೫೦ ಭಾಗದಿಂದ ೧೦ ಭಾಗಕ್ಕೆ ಇಳಿಯಿತು. ಗಾಳಿಗೆ ಅದು ಒಳ್ಳೆಯದೇ ಆಯಿತು, ಸಂದೇಹವಿಲ್ಲ. ಹಳೆಯ ಉಂಗುರದ ಕಷ್ಟವನ್ನು ಮಾತ್ರ ಯಾರೂ ಕೇಳಲಿಲ್ಲ.

ಸೋರಿದರೇನಾಯಿತು, ನಾಲ್ಕು ಹನಿ ತಾನೆ ಎನ್ನುವವರುಂಟು. ಶೋಧಕವು ಎಣ್ಣೆಯನ್ನು ತಳ್ಳುವ ಪಂಪಿನ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಮೊದಲು ನೋಡಬೇಕು. ಪಂಪಿನಿಂದ ಮುಂದೆ, ಒತ್ತಡದ ಕಡೆ ಇದ್ದರೆ ಎಂಜಿನ್ ಓಡುವಷ್ಟು ಹೊತ್ತೂ ಎಣ್ಣೆ ಹೊರಕ್ಕೆ ಹಾರುತ್ತದೆ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹತ್ತಿಕೊಳ್ಳುವುದಿಲ್ಲ ನಿಜ. ಆದರೆ ೨೫೦ ಡಿಗ್ರಿಯ ಆಸುಪಾಸಿನಲ್ಲಿ ಅದಕ್ಕೆ ಕಿಡಿಯೂ ಬೇಡ. ಭಾರ ಹೊತ್ತು ಶಿರಾಡಿ ಘಟ್ಟ ಹತ್ತುವ ಲಾರಿಯ ಟರ್ಬೊ ಅದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ. ಆ ಸಾಲದ ಲಾರಿಯಲ್ಲಿ ಮಲಗಿ ಪಯಣಿಸುವವರು ನಮ್ಮವರೇ ಆದುದರಿಂದ ಈ ವಾಕ್ಯವನ್ನು ನಾನು ಹಗುರವಾಗಿ ಬರೆದಿಲ್ಲ.

ಪಂಪಿನ ಹಿಂದೆ, ಎಳೆಯುವ ಕಡೆ ಇದ್ದರೆ ನಾಟಕವೇ ಬೇರೆ. ತೂತುಬಿದ್ದ ಕೊಳವೆಯಿಂದ ಎಳನೀರು ಕುಡಿದವರಿಗೆ ಇದು ಕೂಡಲೆ ಅರ್ಥವಾಗುತ್ತದೆ: ನೀರು ಹೊರಗೆ ಬೀಳುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಓಡುವಾಗ ಒಂದು ಹನಿಯೂ ಕಾಣದು. ಎಂಜಿನ್ ಮಾತ್ರ ತಡವರಿಸುತ್ತದೆ. ರಾತ್ರಿ ನಿಲ್ಲಿಸಿದರೆ ಎಣ್ಣೆ ಮೆಲ್ಲಗೆ ಟ್ಯಾಂಕಿಗೆ ಹಿಂದಿರುಗಿ, ಬೆಳಿಗ್ಗೆ ಎಷ್ಟು ತಿರುಗಿಸಿದರೂ ಎಂಜಿನ್ ಹತ್ತುವುದಿಲ್ಲ. ನಮ್ಮ ಲಾರಿ ಮಾಡಿದ್ದು ಇದನ್ನೇ. ದೊಡ್ಡ ರಿಪೇರಿ ಶಾಲೆಯೊಂದರಲ್ಲಿ ಬ್ಯಾಟರಿ ಬದಲಾಯಿಸಿದರು, ಸ್ಟಾರ್ಟರ್ ಬಿಚ್ಚಿದರು. ನಾಲ್ಕು ದಿನ ಇಟ್ಟುಕೊಂಡು ಕೊನೆಗೆ ಶೋಧಕದ ತಲೆಯನ್ನು ಹೀಟರ್ ಸಮೇತ ಹೊಸದಾಗಿ ತರಿಸಬೇಕೆಂದರು. ಆ ಬೆಲೆಯಲ್ಲಿ ನನ್ನ ಮೂರು ವರ್ಷದ ಶುಲ್ಕ ಮುಗಿದು ಉಳಿಯುತ್ತಿತ್ತು. ಹೆದ್ದಾರಿಯ ಪಕ್ಕದಲ್ಲಿ ಸಣ್ಣ ಗ್ಯಾರೇಜಿಟ್ಟಿರುವ ನಮ್ಮ ಸೋದರಮಾವ ಅದನ್ನು ಅರ್ಧ ದಿನದಲ್ಲಿ, ೩೦ ರೂಪಾಯಿಗೂ ಕಡಮೆ ಬೆಲೆಯ ಉಂಗುರದಿಂದ ಸರಿಪಡಿಸಿದರು. ಅವರು ಏಳನೆಯ ತರಗತಿಗೆ ಶಾಲೆ ಬಿಟ್ಟವರು. ನಾನು ಬೆಳಕು ಹಿಡಿದು ಪಕ್ಕದಲ್ಲಿ ನಿಂತು, ಕಂಡುದನ್ನು ಬರೆದುಕೊಂಡೆ.

ಮೊದಲು ಅವರು ಯಾವುದನ್ನೂ ಬಿಚ್ಚಲಿಲ್ಲ; ತೊಳೆದರು. ಎಣ್ಣೆ ಕೆಳಕ್ಕೆ ಹರಿಯುವುದರಿಂದ ಒದ್ದೆ ಕಂಡಲ್ಲಿ ದೋಷವಿರುವುದಿಲ್ಲ, ಅದಕ್ಕಿಂತ ಮೇಲೆಲ್ಲೋ ಇರುತ್ತದೆ. ಶೋಧಕವನ್ನು ಒರಸಿ ಒಣಗಿಸಿ, ಮೈಗೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿದರು. ಆಮೇಲೆ ಕೈಪಂಪಿನಿಂದ ಒತ್ತಿ ಒತ್ತಡ ಕೊಟ್ಟರು. ಹೀಟರಿನ ಕುತ್ತಿಗೆಯ ಸುತ್ತ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯೊಂದು ಮೂಡಿತು. ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಕೊಳವೆ ಸೇರಿಸಿ ಗುಳ್ಳೆಗಳನ್ನು ನೋಡುವುದೂ ಉಂಟು. ತಂತಿಯ ಪ್ಲಗ್ಗಿನೊಳಗೆ ಎಣ್ಣೆಯ ಪಸೆ ಕಂಡರೆ ಮಾತ್ರ ಉಂಗುರದಿಂದ ಪ್ರಯೋಜನವಿಲ್ಲ. ಹೀಟರಿನ ಮೈಯೇ ಬಿರುಕುಬಿಟ್ಟು ಎಣ್ಣೆ ಕಡ್ಡಿಗಳ ಗುಂಟ ಏರಿ ಬರುತ್ತಿದೆಯೆಂದರ್ಥ. ಆಗ ಹೀಟರನ್ನೇ ಬದಲಾಯಿಸಬೇಕು.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ಋಣ ತಂತಿಯನ್ನು ತೆಗೆದು, ಕೆಳಗೆ ತಟ್ಟೆಯಿಟ್ಟು ಶೋಧಕದ ಎಣ್ಣೆಯನ್ನು ಬಸಿದು, ಹೀಟರನ್ನು ಹೊರತೆಗೆದರು. ಹಳೆಯ ಉಂಗುರ ಉಗುರಿಗೆ ಬಗ್ಗದಷ್ಟು ಪೆಡಸಾಗಿತ್ತು. ಅದು ಕುಳಿತಿದ್ದ ಗಾಡಿಯನ್ನು ನೂಲು ಬಿಡದ ಬಟ್ಟೆಯಿಂದ ಒರಸಿದರು. ಚಾಕುವಿನಿಂದ ಕೆರೆದರೆ ಗೀರು ಬಿದ್ದು ಅದೇ ಹೊಸ ಸೋರಿಕೆಗೆ ದಾರಿಯಾಗುತ್ತದೆ. ಹೊಸ ಉಂಗುರ ಅದೇ ಅಳತೆಯದಾದರೆ ಸಾಲದು, ಡೀಸೆಲ್ ತಡೆಯುವ ರಬ್ಬರಿನದೂ ಆಗಿರಬೇಕು. ಫ್ಲೋರೊಕಾರ್ಬನ್ ರಬ್ಬರಾದರೆ ಶಾಖವನ್ನೂ ಚೆನ್ನಾಗಿ ತಾಳುತ್ತದೆ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರು ಡೀಸೆಲ್ ಕುಡಿದು ಉಬ್ಬಿ ಕೊಳೆಯುತ್ತದೆ. ಮೇಲಿನಿಂದ ಎಪಾಕ್ಸಿ ಅಂಟು ಮೆತ್ತುವವರಿದ್ದಾರೆ, ಎಣ್ಣೆಯ ಪಸೆಯ ಮೇಲೆ ಅದು ಹಿಡಿಯುವುದಿಲ್ಲ. ಟ್ಯಾಂಕಿನ ಸೋರಿಕೆಗೆ ಬಟ್ಟೆ ಸೋಪನ್ನು ತುಂಬುವ ಹಳೆಯ ಉಪಾಯ ಬುದ್ಧಿವಂತಿಕೆಯದು, ಸೋಪು ಡೀಸೆಲ್ಲಿನಲ್ಲಿ ಕರಗದು. ಆದರೆ ಅದು ಊರು ಸೇರುವವರೆಗಿನ ಮಾತು.

ಹೊಸ ಉಂಗುರಕ್ಕೆ ಶುದ್ಧ ಡೀಸೆಲ್ ಸವರಿ, ತಿರುಚದಂತೆ ಕೂರಿಸಿ, ಹೀಟರನ್ನು ಮಿತವಾಗಿ ಬಿಗಿದರು. ಬಲ ಹಾಕಿದಷ್ಟೂ ಭದ್ರವೆಂಬ ನಂಬಿಕೆಯಿಂದ ಒಡೆದ ಪ್ಲಾಸ್ಟಿಕ್ ತಲೆಗಳು ಮಾವನ ಮೂಲೆಯಲ್ಲಿ ಒಂದು ರಾಶಿಯಿವೆ. ಇನ್ನುಳಿದದ್ದು ಗಾಳಿ ತೆಗೆಯುವ ಕೆಲಸ. ಗಾಳಿಯ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಕೈಪಂಪನ್ನು ಒತ್ತಿ, ಮತ್ತೆ ಬಿಗಿಯಬೇಕು. ಹಳೆಯ ಲಾರಿಗಳಲ್ಲಿ ಎಂಜಿನ್ ತಿರುಗುತ್ತಿರುವಾಗಲೇ ಇಂಜೆಕ್ಟರಿನ ಕೊಳವೆಯನ್ನು ಸಡಿಲಿಸಿ ಗಾಳಿ ತೆಗೆಯುವ ರೂಢಿಯಿತ್ತು. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಅದು ಪ್ರಾಣಾಪಾಯ. ಅಲ್ಲಿ ಒತ್ತಡ ೧,೬೦೦ ಬಾರನ್ನೂ ಮೀರುತ್ತದೆ. ಸೂಜಿಯಂಥ ಆ ಧಾರೆ ಚರ್ಮವನ್ನು ತೂರಿ ಮಾಂಸದೊಳಗೆ ಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ಕೂಡಲೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಕೈಯೇ ಹೋಗಬಹುದು.

ನಮ್ಮ ಕಡೆ ಚಳಿಯೇ ಇಲ್ಲವಲ್ಲ, ಹೀಟರನ್ನು ಕಿತ್ತು ಆ ತೂತಿಗೆ ಬಿರಡೆ ಹಾಕಬಾರದೇ ಎಂದು ನಾನು ಕೇಳಿದೆ. ಮಂಡ್ಯದಿಂದ ಮಂಗಳೂರಿಗೆ ಓಡಾಡುವ ಲಾರಿಗಾದರೆ ಹಾಕಬಹುದು, ನಿಮ್ಮಪ್ಪನ ಲಾರಿ ಬನಿಹಾಲ ದಾಟುತ್ತದೆ ಎಂದರು ಮಾವ. ಹಾಗಾದರೆ ಹೀಟರ್ ಕೆಲಸ ಮಾಡುತ್ತದೆಯೇ ಎಂಬುದನ್ನು ಈ ಸೆಕೆಯಲ್ಲಿ ತಿಳಿಯುವುದು ಹೇಗೆ? ಅದಕ್ಕೂ ಅವರಲ್ಲಿ ಉಪಾಯವಿತ್ತು. ಜೋಡಿಸುವುದಕ್ಕೆ ಮುಂಚೆಯೇ ಹೀಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕಬ್ಬಿನ ಹಾಲಿನ ಗಾಡಿಯವನಿಂದ ತಂದ ಐಸಿನಲ್ಲಿ ಹೂತು, ಎರಡು ಕಡ್ಡಿಗಳಿಗೆ ಮೀಟರ್ ಹಿಡಿದಿದ್ದರು. ಸೆಕೆಯಲ್ಲಿ ಮೀಟರ್ ಏನನ್ನೂ ತೋರಿಸಿರಲಿಲ್ಲ. ಕಾಲು ಗಂಟೆಯ ತರುವಾಯ ಥರ್ಮೋಸ್ಟಾಟ್ ಕಟ್ಟೆಂದಿತು, ಮುಳ್ಳು ಮೂರು ಓಮಿನ ಹತ್ತಿರ ಬಂದು ನಿಂತಿತು.