ತಲೆನೋವಿಗೆ ಸ್ಕ್ಯಾನ್: ಕಂಡದ್ದೆಲ್ಲ ಕಾರಣವಲ್ಲ

ನರವ್ಯೂಹದ ಪಾಠ ಮುಗಿದಾಗಲೆಲ್ಲ ವಿದ್ಯಾರ್ಥಿಗಳು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ: "ಸರ್, ಪದೇ ಪದೇ ತಲೆನೋವು ಬಂದರೆ ಒಮ್ಮೆ ಎಂ.ಆರ್.ಐ. ಮಾಡಿಸುವುದು ಒಳ್ಳೆಯದಲ್ಲವೇ?" ಇದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿದರೆ ಸಾಲದು.

ಒಂದು ಕಾರಣಕ್ಕೆ ತೆಗೆದ ಸ್ಕ್ಯಾನ್‌ನಲ್ಲಿ ಅದಕ್ಕೆ ಸಂಬಂಧವಿಲ್ಲದ ಬೇರೇನೋ ಕಾಣಿಸುವುದುಂಟು. ಹುಟ್ಟಿನಿಂದಲೇ ಇರುವ ನೀರುಗುಳ್ಳೆ, ಪೀನಿಯಲ್ ಗ್ರಂಥಿಯ ಚಿಕ್ಕ ಸಿಸ್ಟ್, ಬಿಳಿ ಚುಕ್ಕೆ ಇತ್ಯಾದಿ. ಇದನ್ನು ಆಕಸ್ಮಿಕ ಪತ್ತೆ ಎನ್ನಬಹುದು. ಇಂಥವುಗಳಲ್ಲಿ ಹೆಚ್ಚಿನವು ಜೀವನವಿಡೀ ತೊಂದರೆ ಕೊಡುವುದಿಲ್ಲ.

ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 45 ವರ್ಷ ದಾಟಿದ 2000 ಜನರ ಮೆದುಳಿನ ಎಂ.ಆರ್.ಐ. ತೆಗೆದು, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವರು ಕಾಯಿಲೆಯೆಂದು ಆಸ್ಪತ್ರೆಗೆ ಬಂದವರಲ್ಲ, ಊರಿನ ಸಾಮಾನ್ಯ ಜನ. ಆದರೂ ಶೇ. 7.2 ಮಂದಿಯಲ್ಲಿ ಅವರಿಗೇ ಗೊತ್ತಾಗದೆ ಆಗಿಹೋದ ಪಾರ್ಶ್ವವಾಯುವಿನ ಗುರುತು, ಶೇ. 1.8 ಮಂದಿಯಲ್ಲಿ ರಕ್ತನಾಳದ ಉಬ್ಬು, ಶೇ. 1.6 ಮಂದಿಯಲ್ಲಿ ಕ್ಯಾನ್ಸರ್ ಅಲ್ಲದ ಗೆಡ್ಡೆ ಕಂಡವು.

ಇದರ ಅರ್ಥವೇನು? ತಲೆನೋವಿಲ್ಲದವರಲ್ಲೂ ಕಾಣುವಂಥದ್ದು ತಲೆನೋವಿರುವವರಲ್ಲಿ ಕಂಡರೆ, ಅದೇ ನೋವಿನ ಕಾರಣ ಎನ್ನಲಾಗದು. ಆದರೆ ವರದಿಯಲ್ಲಿ 'ಸಿಸ್ಟ್' ಎಂಬ ಪದ ಓದಿದ ಮನೆಯವರಿಗೆ ನಿದ್ದೆ ಬರುವುದಿಲ್ಲ. ಮತ್ತೆ ಸ್ಕ್ಯಾನ್, ಮತ್ತೆ ಖರ್ಚು. ತಲೆನೋವು ಮಾತ್ರ ಹಾಗೇ ಉಳಿಯುತ್ತದೆ. ಹಾಗೆಂದು ವರದಿಯನ್ನು ಮೂಲೆಗೆಸೆಯಬಾರದು. ರಕ್ತನಾಳದ ಉಬ್ಬಿನಂಥದ್ದನ್ನು ತಜ್ಞರಿಗೆ ತೋರಿಸಲೇಬೇಕು.

ಹಾಗಾದರೆ ಸ್ಕ್ಯಾನ್ ಯಾವಾಗ ಬೇಕಾಗುತ್ತದೆ? ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತೀವ್ರ ನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ತಲೆಗೆ ಪೆಟ್ಟು, ಫಿಟ್ಸ್, ಕೈಕಾಲಿನ ಬಲಹೀನತೆ, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ದಿನೇ ದಿನೇ ಹೆಚ್ಚುವ ನೋವು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು: ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಯಾವ ಪರೀಕ್ಷೆ ಬೇಕೆಂದು ಅವರು ನಿರ್ಧರಿಸುತ್ತಾರೆ. ಈ ಲಕ್ಷಣಗಳಿಲ್ಲದ ಸಾಮಾನ್ಯ ತಲೆನೋವಿಗೆ ಸ್ಕ್ಯಾನ್ ಬೇಡವೆಂದು ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆಯೇ 2012ರಲ್ಲಿ ಸಲಹೆ ನೀಡಿದೆ.

ನಮ್ಮ ವಿದ್ಯಾರ್ಥಿಗಳ ತಲೆನೋವಿಗೆ ಹೆಚ್ಚಾಗಿ ಕಾರಣವಾಗುವುದು ಮೈಗ್ರೇನ್ ಅಥವಾ ಒತ್ತಡ. ಪರೀಕ್ಷೆಯ ದಿನಗಳ ನಿದ್ದೆಗೇಡು, ಬಿಟ್ಟ ತಿಂಡಿ, ರಮಝಾನ್‌ನ ಮೊದಲ ಉಪವಾಸಗಳಲ್ಲಿ ತಪ್ಪಿದ ಚಹಾ ಅದನ್ನು ಕೆರಳಿಸಬಹುದು. ತಿಂಗಳಿಗೆ 15 ದಿನ ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು.

ಆದ್ದರಿಂದ ನೋವು ಬಂದ ದಿನ, ಹೊತ್ತು, ಆ ದಿನದ ಊಟ, ನಿದ್ದೆ, ಮಾತ್ರೆ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವೈದ್ಯರ ಬಳಿಗೆ ಹೋಗುವಾಗ ಮೊದಲು ಅದನ್ನು ಕೊಂಡೊಯ್ಯಿರಿ.